ಹಾಜರಿ

ಶಹಾಬಾದ ಸ್ಟೇಷನ್ ರೋಡಿನ ನನ್ನ ಝೆರಾಕ್ಸ್ ಅಂಗಡಿಗೆ
ಕರೆಂಟು ಹೋದ ಮಧ್ಯಾಹ್ನವೊಂದು ಬಂದಳು ಲಾಲಬೀ ಖಾಲಾ.
ಬುರ್ಖಾದ ಅಂಚಿಗೆ ಇನ್ನೂ ಅಂಟಿತ್ತು ಬೂದು ಕಲ್ಲುಪುಡಿ.

"ಮಾಸ್ತರ, ನನ್ನ ಪಾಳಿ ಬಂದದ.
ಹಜ್ಜಿನ ದುವಾ ಎಲ್ಲಾ ಕನ್ನಡದಾಗ ಹೊಡದು ಕೊಡ್ರಿ,
ಅಕ್ಷರ ದೊಡ್ಡವು ಇರಲಿ.
ಉರ್ದು ನನಗ ಬಾಯಿಗೆ ಬರ್ತದ, ಕಣ್ಣಿಗೆ ಬರಲ್ಲ."

ಇಪ್ಪತ್ತು ವರ್ಷದ ಹಿಂದೆ, ಲಾಟೀನು ಬೆಳಕಿನ ರಾತ್ರಿ ಶಾಲೆಯಲ್ಲಿ
ಪಾಲಿಶ್ ಮಷೀನಿನ ನೀರಿಗೆ ನೆಂದು ಬಿಳಿಚಿದ ಬೆರಳು
ನಾನು ಬರೆದ ಅ ಮೇಲೆ, ಆ ಮೇಲೆ
ಹೆದರುತ್ತಾ ಹಾಯುತ್ತಿತ್ತು.
ಹೆಸರು ಕೂಗಿದರೆ ಹಾಜರ್ ಎನ್ನುತ್ತಿರಲಿಲ್ಲ ಆಕೆ,
"ಬಂದೀನ್ರೀ" ಅನ್ನುತ್ತಿದ್ದಳು,
ಎಲ್ಲರೂ ನಗುತ್ತಿದ್ದರು. ನಾನೂ.

ಹಾಫಿಜ್ ಸಾಹೇಬರು ಸ್ಟೂಲಿನ ಮೇಲೆ ಕೂತು ಹೇಳಿದರು,
ನಾನು ಕೀಲಿಮಣೆ ಕುಟ್ಟಿದೆ.
ಲಬ್ಬೈಕ್ ಅಲ್ಲಾಹುಮ್ಮ ಲಬ್ಬೈಕ್, ಇಲ್ಲಿಯವರೆಗೆ ಸಲೀಸು.
ಆಮೇಲೆ ಒಂದು ಅಕ್ಷರ ಬಂತು, ಐನ್.
ಐವತ್ತು ಅಕ್ಷರ ತಡಕಾಡಿದೆ, ಒಂದೂ ಒಗ್ಗಲಿಲ್ಲ.
"ಗಂಟಲಿನ ತಳದಿಂದ ಬರಬೇಕು," ಎಂದರು ಸಾಹೇಬರು.
ಖಾಲಾ ಅಂದಳು, ಕೆಮ್ಮು ಅರ್ಧ ನುಂಗಿ, ಒಮ್ಮೆಗೇ ಸರಿಯಾಗಿ.
ಮೂವತ್ತು ವರ್ಷದ ಕಲ್ಲುಧೂಳು ಅಲ್ಲೇ ಕೂತಿದೆ.
ಇದನ್ನು ಪವಾಡ ಅನ್ನಲಾರೆ ನಾನು,
ಆಕೆಯ ಎಕ್ಸ್‌ರೇ ನೋಡಿದ್ದೇನೆ.

ಲಬ್ಬೈಕ್ ಅಂದರೇನೆಂದು ಕೇಳಿದೆ.
ಆಕೆಯೇ ಹೇಳಿದಳು, ಚಾ ಲೋಟ ಕೆಳಗಿಟ್ಟು:
"ಬಂದೀನ್ರೀ ಅಂತ."

ಪುಸ್ತಕದ ಕೊನೆಗೆ ನಾಲ್ಕು ಹಾಳೆ ಖಾಲಿ ಬಿಡಿಸಿದಳು.
ಓಣಿಯವರ ಬೇಡಿಕೆ ತಾನೇ ಬರೆದುಕೊಂಡಳು:
ಹಾಸುಗಲ್ಲು ಬಿದ್ದು ಮುರಿದ ಬಂದಗೀಸಾಬನ ಕಾಲು,
ಕಾಶೀಬಾಯಿಯ ವಿಧವಾ ಪಿಂಚಣಿ (ಫೈಲು ಕಲಬುರಗಿಯಲ್ಲಿ),
ಮೂರು ಮಕ್ಕಳ ಎಸ್ಸೆಸ್ಸೆಲ್ಸಿ,
ಒಂದು ಹೆಸರು ಬರೆದು, ಮುಂದೆ ಏನೂ ಇಲ್ಲ.
"ಅದು ಅವಳಿಗೂ ಅಲ್ಲಾಗೂ ಗೊತ್ತದ, ನಿಮಗ್ಯಾಕ?"

ಹೊರಡುವ ಮುಂಚೆ ಮನೆಮನೆಗೆ ಹೋಗಿ
ಅಂದದ್ದು ಆಡಿದ್ದು ಮಾಫಿ ಮಾಡ್ರಿ ಎಂದಳು.
ಪಾಲಿಶ್ ಕಾರ್ಖಾನೆಯ ಕಂತ್ರಾಟದಾರನ ಮನೆಗೂ ಹೋದಳು,
ಬೆಳಗಿನಿಂದ ಸಂಜೆತನಕ ನಿಂತು ದುಡಿದವಳ ಹೆಸರಿನ ಮುಂದೆ
ಅರ್ಧ ದಿನ ಅಂತ ಬರೆಯುತ್ತಿದ್ದವನ ಮನೆಗೆ.
ಆತ ನೂರರ ನೋಟು ಕೊಟ್ಟು, ನನಗೂ ದುವಾ ಮಾಡು ಅಂದನಂತೆ.
ಮಾಫಿ ಕೇಳಲಿಲ್ಲ.
ಆಕೆ ಅವನ ಹೆಸರನ್ನೂ ಬರೆದುಕೊಂಡಳು,
ಬಂದಗೀಸಾಬನ ಕಾಲಿನ ಕೆಳಗೆ.

ಬಕ್ರೀದಿನ ಹಿಂದಿನ ದಿನ ಅಂಗಡಿಯಲ್ಲಿ ಕೂತು ಲೆಕ್ಕ ಹಾಕಿದೆ:
ಇಂದು ಅರಫಾತಿನ ಬಯಲು. ಕತ್ತಲಾದರೆ ಮುಜ್ದಲಿಫಾ,
ಅಲ್ಲಿ ಹರಳು ಆರಿಸಬೇಕು, ಕಡ್ಲಿಕಾಳಿಗಿಂತ ಚೂರು ದೊಡ್ಡವು.
ನಾಲ್ಕಡಿ ಹಾಸುಗಲ್ಲು ಸೊಂಟಕ್ಕಾನಿಸಿ ಹೊತ್ತವಳಿಗೆ
ಅಷ್ಟು ಸಣ್ಣ ಕಲ್ಲಿನ ತೂಕ ಹೇಗನ್ನಿಸಿತೋ.
ಹೆಂಗಸರು ಲಬ್ಬೈಕ್ ಮೆಲ್ಲಗೆ ಹೇಳಬೇಕಂತೆ, ತಮಗಷ್ಟೇ ಕೇಳುವಂತೆ.
ಲಕ್ಷ ಗಂಡುದನಿಗಳ ನಡುವೆ
ತನಗಷ್ಟೇ ಕೇಳುವಂತೆ ಒಬ್ಬಳು: ಬಂದೀನ್ರೀ.
ಅಲ್ಲಿ ಅರ್ಧ ದಿನ ಬರೆಯುವವರಿಲ್ಲ.

ವಾಪಸು ಬಂದವಳು ಖರ್ಜೂರ ಕೊಟ್ಟಳು,
ಔಷಧದ ಬಾಟಲಿಯಲ್ಲಿ ಒಂದಿಷ್ಟು ಜಮ್‌ಜಮ್ ನೀರು,
ಜೊತೆಗೆ ಪುಸ್ತಕ. ಹಾಳೆಗಳ ಮೂಲೆ ಬೆವರಿಗೆ ಮೆತ್ತಗಾಗಿದ್ದವು.

"ಮಾಸ್ತರ, ಸಿಟ್ಟಾಗಬ್ಯಾಡ್ರಿ, ಒಂದು ತಪ್ಪದ.
ರಬ್ಬನಾ ಆತಿನಾ ಅಂತ ಇರಬೇಕು,
ನೀವು ಅತಿನಾ ಹೊಡದೀರಿ."
ಏಳನೇ ಪುಟದಲ್ಲಿ ನನ್ನ ಅ,
ಅದರ ಬಲಕ್ಕೆ ನೀಲಿ ಪೆನ್ನಿನ ಬಾಲ,
ನಡುಗುವ ಕೈಯ ಆ.

"ಕೊಡು ಅಂತ ಅದರ ಅರ್ಥ, ಮಾಸ್ತರ.
ಅಷ್ಟು ದೂರ ಹೋಗಿ
ಗಿಡ್ಡ ಮಾಡಿ ಕೇಳ್ತಾರೇನ್ರಿ?"