ಅಂಚಿನಲ್ಲಿ ಬರಿ

ಲ್ಯಾವೆಂಡರ್ ಹಿಲ್ಲಿನಲ್ಲಿ ಲ್ಯಾವೆಂಡರ್ ಇಲ್ಲ, ಗುಡ್ಡವೂ ಇಲ್ಲ.
ಮರಳಿದೆ. ಕೇಪ್‌ಟೌನ್ ತನ್ನಂಚಿಗೆ ತಳ್ಳಿದ ಸಾಲುಮನೆಗಳಿವೆ.
ಒಣಹಾಕಿದ ಅಂಗಿಯನ್ನು ಬೀದಿ ದಾಟಿಸುವ ಗಾಳಿಯಿದೆ.

ನಾನು ಫಾರಂ ಹಂಚುವವಳು. ಮಂಗಳವಾರ, ಎಂಟನೇ ತರಗತಿ.
ಕಳೆದ ಮೂವತ್ತು ದಿನದಲ್ಲಿ ಎಷ್ಟು ಸಲ ಟಿಕ್ ಸೇದಿದ್ದೀ?
ಎಷ್ಟು ಸಲ ಯಾರಿಗಾದರೂ ಹೊಡೆದಿದ್ದೀ?
ತಷ್ರೀಕ್ ಕೈಯೆತ್ತಿದ:
"ಹೊಡೆಸಿಕೊಂಡಿದ್ದು ಎಲ್ಲಿ ಬರೀಬೇಕು, ಮಿಸ್?"
ಅಂಚಿನಲ್ಲಿ ಬರಿ, ಅಂದೆ.
ಅಂಚು ಸಾಲಲಿಲ್ಲ.

ಆಮೇಲೆ ಪಾಠ, ಹತ್ತು ವಾರದ್ದು, ಬೇಡ ಅನ್ನುವ ಪಾಠ.
ಒಬ್ಬ ಮಾರುವವ, ಒಬ್ಬ ಒಲ್ಲೆನ್ನುವವ,
ಕರಿಹಲಗೆಯ ಮುಂದೆ ಪುಟ್ಟ ನಾಟಕ.
ಮಾರುವವನ ಮಾತು ಎಲ್ಲರಿಗೂ ಬಾಯಿಪಾಠ:
ಎಲ್ಲಿ ನಗಬೇಕು, ಯಾವಾಗ ಹೆಗಲಿಗೆ ಕೈ ಹಾಕಬೇಕು,
ಮೊದಲನೆಯದಕ್ಕೆ ದುಡ್ಡು ಬೇಡ ಅನ್ನುವ ಔದಾರ್ಯ ಕೂಡ.
ಚಿಕ್ಕಪ್ಪನ ದನಿ, ಅಣ್ಣನ ನಡಿಗೆ.
ಒಲ್ಲೆನ್ನುವವನಿಗೆ ಪುಸ್ತಕದ್ದು ಒಂದೇ ಸಾಲು:
"ಧನ್ಯವಾದ, ನನ್ನ ಆರೋಗ್ಯ ನನಗೆ ಮುಖ್ಯ."
ತರಗತಿ ಬಿದ್ದು ಬಿದ್ದು ನಕ್ಕಿತು,
ಮಿಸ್ ಯಾಫ್ತಾ ಕೂಡ, ಕರವಸ್ತ್ರ ಬಾಯಿಗೊತ್ತಿ.

ಹಾಗಾದರೆ ನೀವೇ ಹೇಳಿ, ಅಂದಳು, ಪುಸ್ತಕ ಮುಚ್ಚಿ.
ರೋಸ್ವಿನ್ ಎದ್ದು ನಿಂತಳು.
"ಬೇಡ ಅಂದ್ರೆ ಜಗಳ, ಮಿಸ್. ಜಗಳ ಅಂದ್ರೆ ಚಾಕು.
ಅಜ್ಜಿ ಮೀನು ತಾ ಅಂದಿದ್ದಾಳೆ ಅನ್ನಬೇಕು.
ಅಜ್ಜಿಯ ಮೀನಿಗೆ ಯಾರೂ ಅಡ್ಡ ಬರೋದಿಲ್ಲ."

ಚಳಿಗಾಲಕ್ಕೆ ನಲ್ಲಿಯ ಹತ್ತಿರದ ಹೊಡೆದಾಟ ಕಡಿಮೆಯಾಯಿತು.
ಪಾಠದಿಂದಲೋ, ಎರಡು ಗುಂಪಿನ ಹಿರಿಯರು
ಮಸೀದಿಯ ಹಿತ್ತಿಲಲ್ಲಿ ಕೂತು ಆಡಿದ ಮಾತಿನಿಂದಲೋ,
ಬರೀ ಮಳೆಯಿಂದಲೋ.
ಶೇಕಡಾ ಎಷ್ಟು, ಅಂತ ಮೇಲಿನವರು ಕೇಳುತ್ತಾರೆ.

ಮಿಸ್ ಯಾಫ್ತಾ ಹೇಳಿದ್ದು ಇಷ್ಟು:
ಆಗಸ್ಟಿನ ಒಂದು ಸಂಜೆ, ತಷ್ರೀಕನ ಅಣ್ಣ
ಕಾರಿನ ಬಾಗಿಲು ತೆರೆದು ಹಿಡಿದ.
ಬಾ, ಆ ಕಡೆಯ ಬೀದಿಗೆ ಹೋಗಿ ಬರೋಣ.
ಸೀಟಿನ ಮೇಲೆ ಟವೆಲಿನಲ್ಲಿ ಸುತ್ತಿದ್ದೇನೋ ಇತ್ತು.
"ಅಜ್ಜಿಗೆ ಮೀನು ತರಬೇಕು" ಅಂದ ಇವನು.
ಅಜ್ಜಿ ಸತ್ತು ಎರಡು ವರ್ಷ.
ಅಣ್ಣನೂ ಹೆಣಕ್ಕೆ ಹೆಗಲು ಕೊಟ್ಟವನೇ.
ಒಂದು ಗಳಿಗೆ ನೋಡಿದ,
ಬಾಗಿಲು ಎಳೆದುಕೊಂಡ.

ಅಂದ ಮೇಲೆ ತರಲೇಬೇಕಲ್ಲ.
ಸ್ನೂಕ್ ಮಾರುವ ವ್ಯಾನಿನ ಹಿಂದಿನ ಸಾಲಿನಲ್ಲಿ
ಜೇಬಿನ ಎಂಟು ರ್‍ಯಾಂಡ್ ಮುಷ್ಟಿಯಲ್ಲಿ ಹಿಡಿದು
ವ್ಯಾನು ಹಾರ್ನ್ ಮಾಡಿ ಹೊರಟುಹೋಗುವವರೆಗೂ ನಿಂತಿದ್ದ.

ಕೊನೆಯ ವಾರ ಮತ್ತೆ ಅದೇ ಫಾರಂ. ಹೆಸರು ಬರೆಯುವಂತಿಲ್ಲ.
ಒಂದರಲ್ಲಿ, ಹೊಡೆದದ್ದು: ಸೊನ್ನೆ.
ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದು ಅಳಿಸಿದ್ದು
ಕಿಟಕಿಗೆ ಹಿಡಿದರೆ ಕಾಣುತ್ತದೆ:
ಮೀನು ಸಿಗಲಿಲ್ಲ.