ಹದಿನೇಳನೇ ಗೂಟ

ಬಾ ಬೇಸೋ, ಮೂತಿ ಉಬ್ಬಿಸಿಕೊಂಡು ಅಲ್ಲಿ ನಿಲ್ಲಬೇಡ.
ಕೆಂಪು ಶಾಯಿಯ ಆ ಸೊನ್ನೆಯನ್ನು ಆಮೇಲೆ ನೋಡೋಣ.
ಸ್ಟೂಲು ಎಳಕೋ. ಆರೂವರೆ ಆಯಿತು,
ಬೂಟಿನ ಹಿಮ ಒದರುತ್ತ ಬಂದೇ ಬಿಡುತ್ತಾರೆ
ಕುತೈಸಿಯ ನಾಟಕಪ್ರಿಯರು.

ನೋಡು, ತುಪ್ಪಳದ ಕಾಲರಿನ ಹೆಂಗಸು.
ಕೋಟು ತಗೊಂಡೆ. ನಲವತ್ತೊಂದನೇ ಗೂಟ.
ಹಿತ್ತಾಳೆ ಬಿಲ್ಲೆ ಅವಳ ಕೈಗೆ.
ನಿಮ್ಮ ಮೇಷ್ಟ್ರು ಫಲನ ಅಂದದ್ದು ಇಷ್ಟನ್ನೇ ಕಣೋ.
ಒಂದು ಕೋಟು, ಒಂದೇ ಗೂಟ.
ಮೈ ಇಲ್ಲಿ, ತೋಳು ಅಲ್ಲಿ ಅಂತ ತೂಗುಹಾಕಿದರೆ
ಆಟ ಮುಗಿದ ಮೇಲೆ ನನ್ನ ಕತ್ತು ಹಿಡಿಯುತ್ತಾರೆ.

ಒಂದೇ ಗೂಟಕ್ಕೆ ಎರಡು ಕೋಟು?
ಧಾರಾಳವಾಗಿ!
ಅಗೋ ಬಂದರಲ್ಲ ಆ ಗಂಡಹೆಂಡಿರು,
ನಾನು ಸೇರಿದ ವರ್ಷದಿಂದಲೂ ಹದಿನೇಳೇ ಬೇಕು ಅವರಿಗೆ,
ಅವನ ಉಣ್ಣೆಯ ಮೇಲೆ ಅವಳ ಉಣ್ಣೆ.
ಮೂರರ ವರ್ಗ ಒಂಬತ್ತು, ಮೈನಸ್ ಮೂರರದೂ ಒಂಬತ್ತು,
ಜಗಳವೇ ಇಲ್ಲ.
ನೀನು ಇದನ್ನೇ ತಪ್ಪು ಅಂತ ಬರೆದು ಬಂದಿದ್ದೀಯ, ಪೆದ್ದ.

ಪ್ರಾಂತ ಅಂದರೆ ಈ ಹಲಗೆ ದಾಟಿ ಒಳಗೆ ಬರಬಲ್ಲದ್ದು.
ಕೋಟು ಸೈ, ಶಾಲು ಸೈ, ಒದ್ದೆ ಕೊಡೆ ಬೇಡ.
ಒಬ್ಬ ಸಂತೆಯಿಂದ ನೇರ ಬಂದು
ಜೀವಂತ ಕೋಳಿಯ ಬುಟ್ಟಿ ಚಾಚಿದ.
ಇದಕ್ಕೆ ಗೂಟವಿಲ್ಲ ಅಂದೆ.
ಎದೆಗವಚಿಕೊಂಡು ಒಳಗೆ ಹೋದ.
ಮೂರನೇ ಅಂಕದಲ್ಲಿ, ನಾಯಕಿ ಸಾಯುವ ಹೊತ್ತಿಗೆ ಸರಿಯಾಗಿ
ಅದು ಕೂಗಿತಂತೆ.
ಭಾಗಿಸಲು ಸೊನ್ನೆ ಬಂದರೂ ಹಾಗೇ,
ಬಾಗಿಲಲ್ಲೇ ಕೈಮುಗಿದು ಕಳಿಸಿಬಿಡು.

ಗೋಡೆಯ ಮೇಲೆ ಇನ್ನೂರ ನಲವತ್ತು ಗೂಟ.
ಇಡೀ ಗೋಡೆಯನ್ನು ವ್ಯಾಪ್ತಿ ಅನ್ನಬೇಡ.
ಇವತ್ತು ಭಾರ ಹೊತ್ತವೆಷ್ಟೋ ಅಷ್ಟೇ ವ್ಯಾಪ್ತಿ.
ಎಂಬತ್ತೆಂಟು, ಬೇಕಾದರೆ ಎಣಿಸು.

ಕರೆಂಟೇ ಇಲ್ಲದ ಚಳಿಗಾಲಗಳಿದ್ದವು,
ನಿನ್ನ ಅಪ್ಪ ಆಗ ನಿನ್ನಷ್ಟಿದ್ದ.
ಆಗಲೂ ಆಟ ನಿಲ್ಲಲಿಲ್ಲ.
ಪ್ರೇಕ್ಷಕರು ಕೋಟಿನಲ್ಲೇ ಕೂರುತ್ತಿದ್ದರು, ರಾಜನೂ ಕೋಟಿನಲ್ಲೇ ಸಾಯುತ್ತಿದ್ದ.
ಯಾರೂ ಏನೂ ಬಿಚ್ಚಿ ಕೊಡುತ್ತಿರಲಿಲ್ಲ.
ಒಂದು ಮೇಣದಬತ್ತಿ ಹಚ್ಚಿಕೊಂಡು
ಇನ್ನೂರ ನಲವತ್ತು ಗೂಟಗಳ ನೆರಳಿನ ಜೊತೆ ಕೂತಿರುತ್ತಿದ್ದೆ ನಾನು.
ಸಂಬಳ ಬರುತ್ತಿರಲಿಲ್ಲ.
ಆದರೂ ದಿನಾ ಬಿಲ್ಲೆಗಳನ್ನು ಉಜ್ಜುತ್ತಿದ್ದೆ, ಯಾಕೋ.

ಇರಲಿ.
ಚಪ್ಪಾಳೆ ಕೇಳಿಸಿತೇ? ಮುಗಿಯಿತು ಆಟ.
ಏಳು, ಇವತ್ತು ನೀನೇ ಕೊಡು,
ನನ್ನ ಮಂಡಿ ಹಿಡಿದುಕೊಂಡಿದೆ.

ನಲವತ್ತೊಂದು ಕೊಟ್ಟ. ಅರವತ್ತು ಕೊಟ್ಟ.
ಐದನ್ನು ಕೆಳಗೆ ಬೀಳಿಸಿ, ಒರೆಸಿ, ಕೊಟ್ಟ.
ಹದಿನೇಳು ಬಂತು.
ಎರಡೂ ಬೂದು, ಎರಡೂ ಒಬ್ಬನೇ ದರ್ಜಿಯ ಹೊಲಿಗೆ.
ಎರಡು ಕೈಯಲ್ಲಿ ಎರಡು ಹಿಡಿದು ಹುಡುಗ
ಗೂಟದ ಕಡೆ ನೋಡುತ್ತಾನೆ, ಬಿಲ್ಲೆಯ ಕಡೆ ನೋಡುತ್ತಾನೆ.
ಅವುಗಳಿಗೇನು ಗೊತ್ತು!
ಹಲಗೆಯಾಚೆ ಇಬ್ಬರೂ ತೋಳು ಚಾಚಿ ನಿಂತಿದ್ದಾರೆ,
ನಗು ತಡೆದುಕೊಂಡು.

ನಾನು ತುಟಿ ಬಿಚ್ಚಲಿಲ್ಲ.