ಸೆಕೆಂಡ್ ಶೋ

ದಾವಣಗೆರೆಯಲ್ಲಿ ಆಗ ಹೊತ್ತು ಹೇಳುತ್ತಿದ್ದದ್ದು
ಗಡಿಯಾರವಲ್ಲ, ಮಿಲ್ಲು.
ನನಗೆ ಹದಿನೇಳು. ಟಿಸಿಎಚ್ ಮೊದಲ ವರ್ಷ.
ಮಿಲ್ಲಿನ ಸಾಹೇಬರು, ಅವರ ಹೆಂಡತಿ
ಇಂಗ್ಲಿಷು ದೆವ್ವದ ಪಿಕ್ಚರಿಗೆ ಹೊರಟರು.
"ಕೊಟ್ರಮ್ಮ, ಮಗು ಎದ್ದರೆ ತಟ್ಟು.
ಯಾರೇ ಬಂದರೂ ಕದ ತೆಗೀಬೇಡ."
ಅಂದದ್ದು ಸಾಹೇಬರೇ, ಶೂ ಕಟ್ಟುತ್ತಾ.

ಮಗು ಮಲಗಿತ್ತು, ಹೆಬ್ಬೆರಳು ಬಾಯಲ್ಲಿ.
ಮನಃಶಾಸ್ತ್ರದ ಪುಸ್ತಕದಲ್ಲಿ ಒಂದೇ ಸಾಲು
ನಾಲ್ಕು ಸಲ ಓದಿದೆ.
ನಲ್ಲಿ ತೊಟ್ಟಿಕ್ಕುತ್ತಿತ್ತು. ಎದ್ದು ಬಿಗಿ ಮಾಡಿದೆ.
ಆಮೇಲೆ ಕೇಳಿದ್ದು ಬೇರೆ.

ಹಿತ್ತಲ ಕದದ ಚಿಲಕಕ್ಕೆ ಹೊರಗಿನ ಕೈ ಎಟುಕುವುದು
ಅಡುಗೆಮನೆ ಕಿಟಕಿಯಲ್ಲಿ ಸರಳು ಮುರಿದ ಕಡೆ ಮಾತ್ರ.
ಸರಳು ಮುರಿದದ್ದು ಮನೆಯವರಿಗಷ್ಟೇ ಗೊತ್ತು.
ಇದು ಆಮೇಲೆ ಹೊಳೆದದ್ದು.
ಆಗ ಕಂಡದ್ದು ಕೈ.
ಮುಖವಿಲ್ಲ, ಮೈಯಿಲ್ಲ, ಮೊಣಕೈವರೆಗೆ ಕೈ,
ಅವಸರವೇ ಇಲ್ಲದೆ,
ಹಸುವಿನ ಗಂಗೆದೊಗಲು ಸವರುವ ಹಾಗೆ
ಕದವನ್ನು ಸವರುತ್ತಾ.

ಕೂಗಿದರೆ ಮಗು ಏಳುತ್ತಲ್ಲ,
ಹುಚ್ಚಿ, ನನಗೆ ಬಂದ ಯೋಚನೆ ಅಷ್ಟೇ.
ಹಿತ್ತಾಳೆ ಕುಟ್ಟಾಣಿ ಸಿಕ್ಕಿತು.
ಬೆರಳ ಗೆಣ್ಣಿನ ಮೇಲೆ, ಏಲಕ್ಕಿ ಜಜ್ಜಿದಂತೆ, ಒಂದೇ ಏಟು.

ಹೊರಗೆ ಯಾರೂ ಚೀರಲಿಲ್ಲ.
ಕೈ ಹಿಂದಕ್ಕೆ ಹೋಯಿತು. ಉಸಿರು ಹೋಗಲಿಲ್ಲ.
ಗೋಡೆಯ ಆಚೆ ಅದು, ಈಚೆ ನಾನು,
ಎಷ್ಟು ಹೊತ್ತೋ.

ಹನ್ನೊಂದರ ಸೈರನ್ ಕೂಗಿತು.
ಶಿಫ್ಟು ಬಿಟ್ಟು ಬೀದಿ ತುಂಬಾ ಜನ:
ಹುಬ್ಬಿಗೆ, ಮೀಸೆಗೆ, ತಲೆಗೆ ಹತ್ತಿಯ ಧೂಳು,
ಬೆಳ್ಳಗೆ, ಸುಡುಗಾಡಿಂದ ಎದ್ದು ಬಂದವರಂತೆ,
ಕೆಮ್ಮುತ್ತಾ, ಓಟಿ ದುಡ್ಡಿಗೆ ಬೈಯುತ್ತಾ,
ಬುತ್ತಿ ಡಬ್ಬಿ ಗಲಗಲ ಅನ್ನಿಸುತ್ತಾ.
ಅವರಿಗೆ ನಾನು ಯಾರೋ.
ಅಷ್ಟು ದೆವ್ವಗಳು ನಮ್ಮ ಗೇಟಿನ ಮುಂದೆ
ಬೀಡಿ ಹಚ್ಚುತ್ತಾ ನಿಂತವು.
ಹಿತ್ತಲಲ್ಲಿ ಒಣಗಿದೆಲೆ ಸರಬರ ಸದ್ದಾಗಿ ನಿಂತಿತು.

"ಹೆದರಿಕೆ ಏನೂ ಇಲ್ಲ ಬಿಡೇ ಪಿಕ್ಚರಲ್ಲಿ," ಅಂದಳು ಅಕ್ಕ.
"ಇಂಟರ್ವೆಲ್ಲಿಗೆ ಸಿಗರೇಟು ಅಂತ ಹೋದ ಇವರು
ಕ್ಲೈಮ್ಯಾಕ್ಸಿಗೆ ಬಂದರು ನೋಡು."

ಸಾಹೇಬರು ಎರಡು ರೂಪಾಯಿ ಕೊಟ್ಟರು.
ಎಡಗೈಯಲ್ಲಿ.
ಬಲಗೈ ಪ್ಯಾಂಟಿನ ಜೇಬಲ್ಲೇ ಇತ್ತು.
ಎಡಗೈ ದುಡ್ಡು ಈಸಿಕೋಬಾರದು ಅನ್ನುತ್ತಿದ್ದಳು ಅವ್ವ.
ಈಸಿಕೊಂಡೆ.

ಮುಂದಿನ ಶನಿವಾರ ಹೇಳಿಕಳಿಸಿದರು. ಹೋಗಲಿಲ್ಲ.
ಯಾಕೆಂದು ಯಾರೂ ಕೇಳಲಿಲ್ಲ, ಅವ್ವನೂ.
ಮೂವತ್ತಾರು ವರ್ಷ ಮಕ್ಕಳಿಗೆ ಪಾಠ ಹೇಳಿದೆ.
ಈಗಲೂ ನಲ್ಲಿ ತೊಟ್ಟಿಕ್ಕಿದರೆ ಎದ್ದು ಕೂರುತ್ತೇನೆ,
ನನಗಾಗಿ ಅಲ್ಲ.

ಆ ಮಗು ಹೆಣ್ಣು.
ಮೊದಲೇ ಹೇಳಬೇಕಿತ್ತು.